ಲೈಸೆನ್ಸ್ ಕೈಗೆ ಬಂತು, ಈಗ ಯಾವ ರಿವಾಲ್ವರ್ ಕೊಳ್ಳೋದು?

ನಮ್ಮ ಭಾವ ಅಡಿಕೆ ವ್ಯಾಪಾರಿ. ನಗದು ಹಿಡಿದುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವವರು. ಕಚೇರಿಗೆ ಅಲೆದೂ ಅಲೆದೂ ಕೊನೆಗೆ ಲೈಸೆನ್ಸ್ ಮಾಡಿಸಿಕೊಂಡರು. ಅದು ಕೈಗೆ ಬಂದ ವಾರವೇ ಅಂಗಡಿಗೆ ಹೋದರು, ಷೋಕೇಸಿನಲ್ಲಿ ಜಾಸ್ತಿ ಹೊಳೆಯುತ್ತಿದ್ದ ರಿವಾಲ್ವರ್ ತಂದರು. ಮಾರನೆಯ ದಿನ ನನಗೆ ಫೋನು. ‘ಅಲ್ಲ ಮಾರಾಯ, ಪಂಚೆ ಉಟ್ಟವ ಇದನ್ನ ಎಲ್ಲಿ ಸಿಕ್ಕಿಸಿಕೊಳ್ಳೋದು?’

ಅಂದಿನಿಂದ ಅದು ಬೀರುವಿನಲ್ಲೇ ಇದೆ. ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಭಾವ ಆಮೇಲೆ ಕೇಳಿದರು, ಅಷ್ಟೇ. ಲೈಸೆನ್ಸ್ ಸಿಕ್ಕವರು, ಇಲ್ಲವೇ ಸಿಗುವ ಹಂತದಲ್ಲಿರುವವರು ಅದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗನ್ ಬೇಕೋ ಬೇಡವೋ ಅನ್ನೋದು ಬೇರೆ ಮಾತು. ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಬೇಡ.

ಮೊದಲು ಲೈಸೆನ್ಸ್ ಓದಿ

ಹೌದು, ಪೂರ್ತಿ ಓದಿ. ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿ, ಕಮಿಷನರೇಟ್ ಇರುವ ಊರಿನಲ್ಲಾದರೆ ಪೊಲೀಸ್ ಕಮಿಷನರ್ ಕೊಡುವ ಈ ಲೈಸೆನ್ಸಿನಲ್ಲಿ ಎಲ್ಲವೂ ಬರೆದಿರುತ್ತದೆ. ಯಾವ ಬಗೆಯ ಆಯುಧ, ಒಮ್ಮೆಗೆ ಎಷ್ಟು ಗುಂಡು, ವರ್ಷಕ್ಕೆ ಎಷ್ಟು, ಯಾವ ಗಡಿಯೊಳಗೆ ಒಯ್ಯಬಹುದು. ಕರ್ನಾಟಕಕ್ಕೆ ಮಾತ್ರ ಅಂತ ಬರೆದಿದ್ದರೆ ನಿಪ್ಪಾಣಿ ದಾಟಿ ಕೊಲ್ಹಾಪುರದ ಕಡೆ ಹೋಗುವಾಗ ಸೊಂಟದಲ್ಲಿ ಅದು ಇರಕೂಡದು.

ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಆಯುಧ. ಮೊದಲು ಮೂರು ಇರಬಹುದಿತ್ತು. ಅಜ್ಜನ ಕಾಲದ ತೋಟೆ ಕೋವಿಯೊಂದು, ಬೆಳೆ ಕಾಯುವ ಇನ್ನೊಂದು ಕೋವಿ ಈಗಾಗಲೇ ನಿಮ್ಮ ಹೆಸರಿನಲ್ಲಿದ್ದರೆ ಮೂರನೆಯದಕ್ಕೆ ಜಾಗವೇ ಇಲ್ಲ. ಲೈಸೆನ್ಸಿನ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿದೆ.

ಯೂಟ್ಯೂಬ್ ಮರೆತುಬಿಡಿ

ಅಮೆರಿಕದವರ ವಿಡಿಯೊ ನೋಡಿ ‘9 ಎಂಎಂ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವವರಿದ್ದಾರೆ. ಅಂಗಡಿಯವರು ನಗುತ್ತಾರೆ. ನಮ್ಮಲ್ಲಿ 9 ಎಂಎಂ, ಪಾಯಿಂಟ್ 38, ಪಾಯಿಂಟ್ 45 ಇವೆಲ್ಲ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ, ‘ಪಾಯಿಂಟ್’ ಲೆಕ್ಕ ಇಂಚಿನದು). ಅವುಗಳ ಲೈಸೆನ್ಸ್ ಕೇಂದ್ರ ಸರ್ಕಾರದ ಕೈಯಲ್ಲಿದೆ. ನಮ್ಮ ನಿಮ್ಮಂಥವರಿಗೆ ಉಳಿಯುವುದು ಮುಖ್ಯವಾಗಿ ಪಾಯಿಂಟ್ 32, ಅದರ ಕೆಳಗೆ ಪಾಯಿಂಟ್ 22.

ವಿದೇಶಿ ಮಾಲು? 1980ರ ದಶಕದ ನಡುವಿನಿಂದ ಸಾಮಾನ್ಯ ಜನರಿಗೆ ಆಮದು ಮುಚ್ಚಿದೆ. ಅದಕ್ಕೂ ಮೊದಲು ಬಂದ ಹಳೆಯ ಪಿಸ್ತೂಲುಗಳೇ ಇವತ್ತಿಗೂ ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಮಾರಾಟವಾಗುತ್ತವೆ. ಇಟ್ಟು ನೋಡಿ ಖುಷಿಪಡುವವರಿಗೆ ಸರಿ. ದಿನಾ ಜೊತೆಗೆ ಒಯ್ಯಲು ನಾನಂತೂ ಬೇಡ ಎನ್ನುತ್ತೇನೆ. ಸ್ಪ್ರಿಂಗ್ ಒಂದು ಸೋತರೆ ಬದಲಿ ಎಲ್ಲಿ ಹುಡುಕುತ್ತೀರಿ?

ಹಾಗಾಗಿ ಬಹುತೇಕರು ಬಂದು ನಿಲ್ಲುವುದು ಸರ್ಕಾರಿ ಕಾರ್ಖಾನೆಗಳ ಮಾಲಿಗೆ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿಗಳನ್ನು 7 ಕಂಪನಿಗಳಾಗಿ ಒಡೆದರು. ಅದರಲ್ಲಿ ಕಾನ್ಪುರದ ಒಂದು ಕಂಪನಿ ಈಗ ಇವನ್ನು ನೋಡಿಕೊಳ್ಳುತ್ತದೆ.

ರಿವಾಲ್ವರೋ, ಪಿಸ್ತೂಲೋ?

ಇಲ್ಲಿ ಸ್ವಲ್ಪ ನಿಧಾನ ಮಾಡಿ. ರಿವಾಲ್ವರ್ ಅಂದರೆ ಗುಂಡು ತುಂಬುವ ಚಕ್ರ ಇರುವಂಥದ್ದು. ಸಾಮಾನ್ಯವಾಗಿ 6 ಗುಂಡು. ಪಿಸ್ತೂಲಿನಲ್ಲಿ ಗುಂಡುಗಳು ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ ಕೂತಿರುತ್ತವೆ.

ಅಡಗಿಸಿ ಒಯ್ಯಲು ಪಿಸ್ತೂಲೇ ಮೇಲು, ಅದನ್ನು ಒಪ್ಪಿಕೊಳ್ಳಬೇಕು. ಚಪ್ಪಟೆಯಾಗಿರುತ್ತದೆ, ಅಂಗಿಯ ಕೆಳಗೆ ಉಬ್ಬಿ ಕಾಣುವುದಿಲ್ಲ. ರಿವಾಲ್ವರಿನ ಚಕ್ರ ದಪ್ಪ. ಆದರೆ ಗುಂಡು ಹಾರದೆ ಠುಸ್ ಅಂದರೆ ರಿವಾಲ್ವರಿನಲ್ಲಿ ಟ್ರಿಗರ್ ಮತ್ತೊಮ್ಮೆ ಎಳೆದರೆ ಸಾಕು, ಮುಂದಿನ ಗುಂಡು ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗವನ್ನು ಹಿಂದಕ್ಕೆ ಎಳೆದು ಆ ಗುಂಡನ್ನು ಹೊರಗೆ ಹಾಕಬೇಕು. ಕೈ ನಡುಗುವ ಹೊತ್ತಿನಲ್ಲಿ ಅಭ್ಯಾಸವಿಲ್ಲದವರಿಗೆ ಆಗುವ ಮಾತಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮ್ಯಾಗಜಿನ್ ತೆಗೆದ ಕೂಡಲೇ ಪಿಸ್ತೂಲು ಖಾಲಿ ಅಂತ ಜನ ನಂಬುತ್ತಾರೆ. ನಳಿಗೆಯ ಹಿಂದೆ ಒಂದು ಗುಂಡು ಕೂತೇ ಇರಬಹುದು. ರಿವಾಲ್ವರಿನಲ್ಲಿ ಚಕ್ರ ತೆರೆದರೆ ಆರೂ ತೂತು ಕಣ್ಣೆದುರೇ ಕಾಣುತ್ತವೆ. ಮೊದಲ ಬಾರಿ ಕೊಳ್ಳುವವರಿಗೆ ರಿವಾಲ್ವರ್ ಎಂದು ನಾನು ಹೇಳುವುದು ಇದೊಂದೇ ಕಾರಣಕ್ಕೆ.

ಗುಂಡು ಕೊಳ್ಳುವಾಗಲೂ ಎಚ್ಚರ. ಎರಡಕ್ಕೂ ‘ಪಾಯಿಂಟ್ 32’ ಅಂತಲೇ ಕರೆಯುತ್ತಾರೆ, ಆದರೆ ಗುಂಡು ಒಂದೇ ಅಲ್ಲ. ರಿವಾಲ್ವರಿಗೆ ಅಂಚು ಅಗಲವಿರುವ ಉದ್ದದ ಗುಂಡು. ಪಿಸ್ತೂಲಿಗೆ 7.65 ಎಂಎಂ ಎಂದೂ ಕರೆಯುವ ಗಿಡ್ಡ ಗುಂಡು. ಒಂದರದ್ದು ಇನ್ನೊಂದಕ್ಕೆ ಹಾಕಕೂಡದು.

ನೀರಿನ ಬಾಟಲಿ ಪರೀಕ್ಷೆ

2014ರಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಎಂಬ ರಿವಾಲ್ವರ್ ಬಂತು. ಟೈಟಾನಿಯಂ ಮಿಶ್ರಲೋಹ, ತೂಕ 500 ಗ್ರಾಂ, ಬೆಲೆ 1.22 ಲಕ್ಷ ರೂಪಾಯಿ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನ ಹೆಸರಿಟ್ಟು, ಹೆಂಗಸರಿಗಾಗಿ ಎಂದು ಪ್ರಚಾರ ಮಾಡಿದರು. ಆ ಬೆಲೆ ಕೊಡಬಲ್ಲ ಹೆಂಗಸರು ರಾತ್ರಿ ಬಸ್ಸಿಗೆ ಕಾಯುತ್ತಾರಾ ಎಂದು ಆಗಲೇ ಹಲವರು ಕೇಳಿದ್ದರು. 2023ರಲ್ಲಿ ‘ಪ್ರಬಲ್’ ಬಂತು. ಸುಮಾರು 700 ಗ್ರಾಂ, 76 ಮಿಲಿಮೀಟರ್ ನಳಿಗೆ. ಹಳೆಯ ಮಾದರಿಯ ರಿವಾಲ್ವರನ್ನು ತೋಟೆ ಕೋವಿ ಮುರಿದ ಹಾಗೆ ನಡುವಿಗೆ ಮಡಚಿ ಗುಂಡು ತುಂಬಬೇಕು. ಪ್ರಬಲ್‌ನಲ್ಲಿ ಚಕ್ರ ಪಕ್ಕಕ್ಕೆ ಹೊರಳುತ್ತದೆ, ತುಂಬೋದು ಸಲೀಸು.

ಈ 500 ಮತ್ತು 700ರ ವ್ಯತ್ಯಾಸ ಕಾಗದದ ಮೇಲೆ ಏನೂ ಅನಿಸುವುದಿಲ್ಲ. ಒಂದು ಕೆಲಸ ಮಾಡಿ. ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ನಿಮ್ಮ ಎಂದಿನ ಕೆಲಸ ಮಾಡಿ. ಬೈಕ್ ಓಡಿಸಿ, ಗಲ್ಲಾದಲ್ಲಿ ಕೂರಿ, ನೆಲದ ಮೇಲೆ ಊಟಕ್ಕೆ ಕೂರಿ. ಮಾರನೆಯ ದಿನ ಮುಕ್ಕಾಲು ಲೀಟರ್. ಮಧ್ಯಾಹ್ನಕ್ಕೇ ಬಿಚ್ಚಿಟ್ಟಿರೋ, ನಿಮಗೆ ಆ ತೂಕ ಆಗಿಬರದು ಅಂತ ಗೊತ್ತಾಯಿತು.

ಹಾಗಂತ ಹಗುರ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಗುಂಡು ಒಂದೇ ಆದರೆ ಹಗುರದ ಗನ್ ಕೈಯಲ್ಲಿ ಜಾಸ್ತಿ ಒದೆಯುತ್ತದೆ. ಪಾಯಿಂಟ್ 22ರಲ್ಲಿ ‘ನಿಡರ್’ ಎಂಬ 250 ಗ್ರಾಂನ ಪುಟಾಣಿಯೂ ಇದೆ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಆದರೆ ಪಾಯಿಂಟ್ 22ರ ಗುಂಡಿಗೆ ಬಲವೂ ಕಡಿಮೆ, ಠುಸ್ ಅನ್ನುವ ಚಾಳಿಯೂ ಸ್ವಲ್ಪ ಹೆಚ್ಚು.

ಅಂಗಡಿಯಲ್ಲಿ ನಿಮ್ಮ ಕೈಯನ್ನೇ ಕೇಳಿ

ಖಾಲಿ ಇದೆಯೆಂದು ಅಂಗಡಿಯವರು ತೋರಿಸಲಿ, ಆಮೇಲೆ ನೀವೂ ನೋಡಿ. ಹಿಡಿಯಿರಿ. ಕಿರುಬೆರಳಿಗೆ ಜಾಗ ಇದೆಯಾ? ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮೇಲೆ ಸಲೀಸಾಗಿ ಕೂರುತ್ತದಾ? ಅಂಗಡಿಯವರನ್ನು ಕೇಳಿ, ಗೋಡೆಯ ಕಡೆ ಗುರಿ ಮಾಡಿ, ಸುತ್ತಿಗೆಯನ್ನು (ಗುಂಡಿಗೆ ಬಡಿಯುವ ಹಿಂದಿನ ಭಾಗ) ಮೊದಲೇ ಎಳೆಯದೆ ಬರೀ ಟ್ರಿಗರ್ ಎಳೆದು ನೋಡಿ. ಹೀಗೆ ಎಳೆದಾಗ ರಿವಾಲ್ವರ್ ಬಿಗಿ ಇರುತ್ತದೆ. ಎರಡು ಬೆರಳು ಬೇಕಾದರೆ, ಇಲ್ಲವೇ ನಳಿಗೆಯ ತುದಿ ಅಲ್ಲಾಡಿದರೆ ಅದು ನಿಮ್ಮದಲ್ಲ. ‘ಹೆಂಗಸರ ಗನ್’ ಎಂದ ಮಾತ್ರಕ್ಕೆ ಹೆಂಗಸರ ಕೈಗೆ ಹೊಂದುತ್ತದೆ ಅಂತೇನಿಲ್ಲ. ಕೊಳ್ಳುವುದು ಹೆಂಡತಿಯ ಹೆಸರಿನಲ್ಲಾದರೆ ಅಂಗಡಿಗೆ ಹೋಗಬೇಕಾದವರೂ ಅವರೇ, ಗಂಡ ಅಲ್ಲ.

ಹೋಲ್‌ಸ್ಟರ್‌ನಲ್ಲಿ ಜಿಪುಣತನ ಬೇಡ

2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಹೋಲ್‌ಸ್ಟರ್‌ನಲ್ಲೋ ಅಂಥ ಚೀಲದಲ್ಲೋ ಇಟ್ಟೇ ಒಯ್ಯಬೇಕು. ಮದುವೆ ಮನೆಯಲ್ಲಿ ಎಲ್ಲರಿಗೂ ಕಾಣಲಿ ಎಂದು ಸಿಕ್ಕಿಸಿಕೊಳ್ಳುವ ವಸ್ತು ಅಲ್ಲ. ಅಲ್ಲಿ ಖುಷಿಗೆ ಗಾಳಿಯಲ್ಲಿ ಹಾರಿಸಿದರಂತೂ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು.

ಹೋಲ್‌ಸ್ಟರ್ ಟ್ರಿಗರನ್ನು ಪೂರ್ತಿ ಮುಚ್ಚಬೇಕು. ನಿಮ್ಮದೇ ಮಾದರಿಗೆ ಹೊಲಿದದ್ದಾಗಿರಬೇಕು. ಪ್ಯಾಂಟಿನ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆಯ ಜೊತೆ ಸುಮ್ನೆ ಹಾಕಿಕೊಳ್ಳುವುದು ಅಪಾಯ. ಪಂಚೆ ಉಡುವವರಿಗೆ ಗಟ್ಟಿ ಚರ್ಮದ ಅಗಲ ಬೆಲ್ಟೇ ಗತಿ, ಪಂಚೆಯ ಗಂಟು ಇಷ್ಟು ಭಾರ ತಡೆಯುವುದಿಲ್ಲ. ಮಲೆನಾಡು, ಕರಾವಳಿಯವರು ರಾತ್ರಿ ಗನ್ನನ್ನು ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಡಬೇಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮಳೆಗಾಲ ಸಾಕು, ತುಕ್ಕು ಹಿಡಿಯಲು.

2024ರ ಅಕ್ಟೋಬರ್ 1ರ ಬೆಳಗಿನ ಜಾವ ಮುಂಬೈಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರಿನ ಗುಂಡು ಹೊಕ್ಕಿತು. ಪ್ರಯಾಣಕ್ಕೆ ಹೊರಡುವ ಮುಂಚೆ ಅದನ್ನು ತೆಗೆದಿಡುವಾಗ ಆದದ್ದು. ಹಳೆಯ ರಿವಾಲ್ವರ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ: ಕೆಳಗೆ ಬಿದ್ದರೆ ಸುತ್ತಿಗೆ ಗುಂಡಿಗೆ ತಾಗದಂತೆ ತಡೆಯುವ ಏರ್ಪಾಡು ಇದೆಯಾ ಎಂದು ಬಂದೂಕು ರಿಪೇರಿಯವರಿಗೆ ತೋರಿಸಿಯೇ ದುಡ್ಡು ಕೊಡಿ. ಇಲ್ಲದಿದ್ದರೆ ಸುತ್ತಿಗೆಯ ಎದುರಿನ ತೂತು ಖಾಲಿ ಬಿಟ್ಟು ಐದೇ ಗುಂಡು ತುಂಬುವುದು ಹಳಬರ ರೂಢಿ.

ಕೊಂಡ ಮೇಲೆ

ಲೈಸೆನ್ಸಿನಲ್ಲಿ ಆಯುಧದ ನಂಬರ್ ಏರಿಸುವುದು, ಬಿಲ್ಲು ಜೋಪಾನ ಮಾಡುವುದು ಇವನ್ನೆಲ್ಲ ಅಂಗಡಿಯವರೇ ಹೇಳಿಕೊಡುತ್ತಾರೆ. ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸಲು ಹೇಳಿದರೆ ರಸೀದಿ ಕೇಳಿ ಪಡೆಯಿರಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಹೋಗಿ. ಆತ್ಮರಕ್ಷಣೆಯ ಹಕ್ಕು ಎಲ್ಲಿಯವರೆಗೆ ಎಂಬುದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂವರೆಗೆ ಇದೆ. ಪರಿಚಯದ ವಕೀಲರ ಹತ್ತಿರ ಕೂತು ಒಮ್ಮೆ ಓದಿಸಿಕೊಳ್ಳಿ. ಕಳ್ಳ ಓಡಿಹೋಗುವಾಗ ಬೆನ್ನಿಗೆ ಹೊಡೆದರೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಭಾವ ಈಗ ಇದ್ದದ್ದನ್ನು ಮಾರಿ ಚಿಕ್ಕದೊಂದು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅದಕ್ಕೆ ಮತ್ತೆ ಅರ್ಜಿ, ಮತ್ತೆ ಕಚೇರಿ. ಅಲ್ಲಿಯವರೆಗೆ ನನ್ನ ಮಾತು ಕೇಳಿ ನೀರಿನ ಬಾಟಲಿ ಸೊಂಟಕ್ಕೆ ಕಟ್ಟಿಕೊಂಡು ಮಂಡಿಗೆ ಹೋಗಿ ಬರುತ್ತಿದ್ದಾರೆ. ‘ಬಾಯಾರಿಕೆಗಾದ್ರೂ ಆಯ್ತು ಮಾರಾಯ’ ಅಂದರು ಮೊನ್ನೆ.