ಚಿತ್ರ ಅಳಿದುಹೋದ ಧಾರಾವಾಹಿಯನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದ ಬಗೆ

ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿರುವ ಅಕ್ಕನ ಮನೆಯಲ್ಲಿ ಆರು ತಿಂಗಳು ಇದ್ದು ಮೈಸೂರಿಗೆ ಮರಳಿದ ಅಮ್ಮ, ಅಲ್ಲಿ ಕಂಡದ್ದರಲ್ಲಿ ಒಂದು ಜಾಗದ ಮಾತನ್ನು ಮಾತ್ರ ಮತ್ತೆ ಮತ್ತೆ ಎತ್ತುತ್ತಿದ್ದಳು. ಊರಿಗೆ ಹತ್ತಿರದ ಕಲೊಡನ್ ಬಯಲಿನಲ್ಲಿ ಹುಲ್ಲು ಬೆಳೆದ ದಿಬ್ಬಗಳ ಬಳಿ ನೆಟ್ಟಿರುವ ಒರಟು ಕಲ್ಲುಗಳ ಮೇಲೆ ಸತ್ತವರ ಹೆಸರಿಲ್ಲ, ಅವರ ಮನೆತನದ ಹೆಸರಷ್ಟೇ ಇದೆ. ಒಂದು ಕಲ್ಲಿನ ಮೇಲಂತೂ ‘ಬೆರೆತ ಮನೆತನಗಳು’ ಎಂದಷ್ಟೇ ಕೆತ್ತಿದೆ. “ಅಲ್ಲ ಕಣೆ, ಹೂಳುವಾಗ ಇವರು ಯಾರ ಮಕ್ಕಳು ಅಂತ ಕೇಳೋರೂ ಇರಲಿಲ್ವಾ?” ಎಂದು ಅವಳು ಕೇಳಿದಾಗ ನನಗೆ ಉತ್ತರ ಗೊತ್ತಿತ್ತು, ಆದರೆ ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸಲು ಮನಸ್ಸು ಬರಲಿಲ್ಲ.

ನನ್ನ ಕಸುಬು ಸಬ್‌ಟೈಟಲ್ ಬರೆಯುವುದು. 1746ರಲ್ಲಿ ಸ್ಕಾಟ್ಲೆಂಡಿನ ಗುಡ್ಡಗಾಡಿನ ಬಂಡಾಯಗಾರರು ಬ್ರಿಟಿಷ್ ಸರ್ಕಾರದ ಸೇನೆಗೆ ಸೋತದ್ದು ಆ ಬಯಲಿನಲ್ಲೇ. ಆ ಕಾಳಗ ಮುಗಿದ ಗಳಿಗೆಯಿಂದಲೇ ಶುರುವಾಗುವ ಒಂದು ಕಥೆ ನನಗೆ ಮೊದಲಿನಿಂದಲೂ ಪ್ರಿಯವಾದದ್ದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ಡಾಕ್ಟರ್‌ನ ಕಥೆಯಾದ ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ 1966ರ ಡಿಸೆಂಬರ್ 17ರಿಂದ 1967ರ ಜನವರಿ 7ರವರೆಗೆ ನಾಲ್ಕು ಶನಿವಾರ ಪ್ರಸಾರವಾದ ‘ದಿ ಹೈಲ್ಯಾಂಡರ್ಸ್’, ಅಂದರೆ ಗುಡ್ಡಗಾಡಿನವರು, ಅದು. ಅದನ್ನು ಕನ್ನಡದಲ್ಲಿ ಅಮ್ಮನಿಗೆ ಮುಟ್ಟಿಸಬೇಕೆಂದು ಹೊರಟೆ. ಮನೆಯೊಳಗಿನ ಬಳಕೆಗೆಂದೇ ಮಾಡಿದ್ದರಿಂದ ಅದನ್ನು ಎಲ್ಲಿಯೂ ಹಂಚಿಲ್ಲ.

ತೊಡಕೆಂದರೆ, ಈ ಧಾರಾವಾಹಿಯ ನಾಲ್ಕು ಕಂತುಗಳಲ್ಲಿ ಒಂದೂ ಇಂದು ಉಳಿದಿಲ್ಲ. ಆ ಕಾಲದಲ್ಲಿ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡುತ್ತಿದ್ದರು. ಹೊರದೇಶಗಳಿಗೆ ಮಾರಲು ತೆಗೆದ ಫಿಲ್ಮ್ ಪ್ರತಿಗಳೂ ನಾಶವಾದವು. ಆದರೆ ಮನೆಯಲ್ಲಿ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಅಭಿಮಾನಿಗಳಿಂದಾಗಿ ಧ್ವನಿ ಪೂರ್ತಿಯಾಗಿ ಉಳಿಯಿತು. ಟಿವಿ ಪರದೆಯನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದು ಕಲಾವಿದರಿಗೂ ನಿರ್ದೇಶಕರಿಗೂ ಮಾರುತ್ತಿದ್ದ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರಿಂದಾಗಿ ಪ್ರತಿ ಕಂತಿನ ಹತ್ತಾರು ಸ್ಥಿರಚಿತ್ರಗಳು ಉಳಿದವು. ಚಲಿಸುವ ಚಿತ್ರವೆಂದು ಉಳಿದಿರುವುದು ಕೆಲವೇ ಕ್ಷಣಗಳು, ಅವೂ ಆಸ್ಟ್ರೇಲಿಯಾದ ಸೆನ್ಸಾರ್ ಮಂಡಳಿ ಮಕ್ಕಳು ನೋಡಬಾರದೆಂದು ಕತ್ತರಿಸಿ ಇಟ್ಟಿದ್ದ ತುಣುಕುಗಳು. ಕತ್ತರಿಸಿದ್ದೇ ಉಳಿದು, ಉಳಿಸಿದ್ದೆಲ್ಲ ಕಳೆದುಹೋದದ್ದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮೊದಲು ನಾನು ಕಸುಬಿನ ಅಭ್ಯಾಸದಂತೆಯೇ ಕೆಲಸ ಮಾಡಿದೆ. ಸ್ಥಿರಚಿತ್ರಗಳನ್ನು ಧ್ವನಿಗೆ ಹೊಂದಿಸಿಕೊಂಡು, ಕೆಳಗೆ ಎರಡು ಸಾಲು ಮೀರದಂತೆ, ಒಂದೊಂದು ಮಾತೂ ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲದಂತೆ ಸುಮಾರು ಎರಡು ತಿಂಗಳು ರಾತ್ರಿ ಹೊತ್ತು ಕೂತು ನಾಲ್ಕೂ ಕಂತುಗಳನ್ನು ಮುಗಿಸಿದೆ. ಅಮ್ಮ ಮೊದಲ ಕಂತಿನ ಹತ್ತು ನಿಮಿಷ ನೋಡಿ ಕನ್ನಡಕ ತೆಗೆದಿಟ್ಟಳು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅವಳಿಗೆ ಅಕ್ಷರದ ಹಿಂದೆ ಓಡುವಷ್ಟರಲ್ಲಿ ಚಿತ್ರ ಹೋಗುತ್ತಿತ್ತು, ಚಿತ್ರ ನೋಡುವಷ್ಟರಲ್ಲಿ ಅಕ್ಷರ ಹೋಗುತ್ತಿತ್ತು. “ನೀನೇ ಓದಿ ಹೇಳು, ರೇಡಿಯೊ ನಾಟಕದ ಹಾಗೆ ಕೇಳ್ಕೋತೀನಿ” ಎಂದಳು. ಆಕಾಶವಾಣಿಯ ನಾಟಕಗಳನ್ನು ಕೇಳುತ್ತ ಬೆಳೆದವಳು ಹಾಗೆ ಕೇಳಿದ್ದು ಸಹಜವೇ ಆಗಿತ್ತು. ಆದರೆ ಅದರರ್ಥ ನಾನು ಬರೆದದ್ದನ್ನೆಲ್ಲ ಬದಿಗಿಟ್ಟು ಹೊಸದಾಗಿ ಬರೆಯಬೇಕೆಂಬುದು.

ಸಬ್‌ಟೈಟಲ್ ಬರೆಯುವವರು ಚಿತ್ರಕ್ಕೆ ಎಷ್ಟು ಒರಗಿಕೊಂಡಿರುತ್ತೇವೆ ಎಂಬುದು ನನಗೆ ಆಗ ತಿಳಿಯಿತು. ಯಾರು ಯಾರಿಗೆ ಹೇಳಿದರು, ಕೈಯಲ್ಲಿ ಏನಿತ್ತು, ಹೇಳುವಾಗ ಮುಖ ಹೇಗಿತ್ತು ಎಂಬುದನ್ನೆಲ್ಲ ಪರದೆ ಹೊರುತ್ತದೆ, ನಾವು ಮಾತನ್ನಷ್ಟೇ ಹೊರುತ್ತೇವೆ. ಇಲ್ಲಿ ಹೊರುವ ಪರದೆಯೇ ಇರಲಿಲ್ಲ. ಸಿಡಿಯಾಗಿ ಬಂದಿರುವ ಧ್ವನಿಮುದ್ರಣದಲ್ಲಿ, ಕಥೆಯಲ್ಲಿ ಗುಡ್ಡಗಾಡಿನ ಹುಡುಗ ಜೇಮಿಯ ಪಾತ್ರ ಮಾಡಿದ್ದ ಫ್ರೇಜರ್ ಹೈನ್ಸ್ ಅವರೇ ನಡುನಡುವೆ ಇಂಗ್ಲಿಷಿನಲ್ಲಿ ದೃಶ್ಯಗಳನ್ನು ಬಣ್ಣಿಸುತ್ತಾರೆ. ಅವರು ಮಾತನಾಡುವ ಜಾಗಗಳನ್ನು ಗುರುತು ಹಾಕಿಕೊಂಡು, ಅಷ್ಟೇ ಅವಧಿಯಲ್ಲಿ ಕನ್ನಡ ನಿರೂಪಣೆಯನ್ನು ನಾನು ಓದುವುದು, ಸಂಭಾಷಣೆಯ ಜಾಗದಲ್ಲಿ ಮೂಲದ ಧ್ವನಿಯನ್ನು ತಗ್ಗಿಸಿ ಕನ್ನಡದ ಮಾತನ್ನು ಅದರ ಬೆನ್ನಿಗೇ ಹೇಳುವುದು ಎಂದು ನಿಶ್ಚಯಿಸಿದೆ.

ಒಂದು ದೃಶ್ಯ ನನಗೆ ಈ ಕೆಲಸವನ್ನೇ ಕಲಿಸಿತು. ಡಾಕ್ಟರ್ ತಾನೊಬ್ಬ ಜರ್ಮನ್ ವೈದ್ಯನೆಂದು ನಟಿಸುತ್ತ, ಕೈದಿಗಳನ್ನು ಮಾರಲು ಹೊಂಚು ಹಾಕಿರುವ ವಕೀಲ ಗ್ರೇಯನ್ನು ಬೀರುವಿನಲ್ಲಿ ಕೂಡಿಹಾಕಿ, ಆತನ ಗುಮಾಸ್ತ ಪರ್ಕಿನ್ಸನಿಗೆ ತಲೆನೋವಿದೆಯೇ ಎಂದು ವಿಚಾರಿಸುತ್ತಾನೆ. ಇಲ್ಲವೆಂದರೆ ಅವನ ತಲೆಯನ್ನು ಮೇಜಿಗೆ ಕುಟ್ಟಿ ಮತ್ತೆ ಕೇಳುತ್ತಾನೆ. ಧ್ವನಿಯಲ್ಲಿ ಕೇಳುವುದು ‘ಧಡ್’ ಎಂಬ ಸದ್ದಷ್ಟೇ. ಕುಟ್ಟುವುದನ್ನು ಮುಂಚೆಯೇ ಹೇಳಿದರೆ ನಗು ಸಾಯುತ್ತದೆ, ಆಮೇಲೆ ಹೇಳಿದರೆ ಸದ್ದು ಏನೆಂದು ತಿಳಿಯದೆ ಅಮ್ಮ ನನ್ನ ಮುಖ ನೋಡುತ್ತಾಳೆ. ಐದಾರು ಬಗೆಯಲ್ಲಿ ಬರೆದು ನೋಡಿದ ಮೇಲೆ, “ಡಾಕ್ಟರ್ ಗುಮಾಸ್ತನ ತಲೆಯ ಹಿಂದೆ ಮೆಲ್ಲಗೆ ಕೈ ಇಟ್ಟ” ಎಂದಷ್ಟೇ ಹೇಳಿ ಸುಮ್ಮನಾದೆ. ಉಳಿದದ್ದನ್ನು ಸದ್ದೇ ಮಾಡಿತು, ಅಮ್ಮ ಜೋರಾಗಿ ನಕ್ಕಳು. ಅಲ್ಲಿಂದ ಮುಂದೆ ಪ್ರತಿ ದೃಶ್ಯದಲ್ಲೂ, ಕಿವಿಗೆ ಕೇಳಲಿರುವ ಸದ್ದಿನ ಹಿಂದಿನ ಗಳಿಗೆಯಲ್ಲಿ ಕೈ ಎಲ್ಲಿತ್ತು ಎಂಬುದನ್ನು ಹುಡುಕಿ ಅದನ್ನೇ ಬರೆದೆ. ಆ ಗಳಿಗೆಯ ಸ್ಥಿರಚಿತ್ರ ಸಿಕ್ಕಲ್ಲಿ ಅದನ್ನು ನೋಡಿ ಬರೆದೆ, ಸಿಗದಲ್ಲಿ ನಿರೂಪಣೆಯನ್ನೇ ಬಿಟ್ಟೆ.

ಇದಕ್ಕಿಂತ ಹೆಚ್ಚು ದಿನ ತಿಂದದ್ದು ಪದಗಳ ಆಯ್ಕೆ. ‘ಕ್ಲ್ಯಾನ್’ ಎಂಬುದಕ್ಕೆ ಕನ್ನಡದಲ್ಲಿ ಕುಲ ಎಂದರೆ ಜಾತಿಯ ನೆರಳು ಬೀಳುತ್ತದೆ, ಬುಡಕಟ್ಟು ಎಂದರೆ ಕೇಳುವವರ ಕಣ್ಣಿಗೆ ಬೇರೆಯೇ ಚಿತ್ರ ಬರುತ್ತದೆ, ಗೋತ್ರವಂತೂ ಸಲ್ಲದು. ಗೇಲಿಕ್ ಭಾಷೆಯಲ್ಲಿ ಆ ಪದದ ಮೂಲಾರ್ಥ ‘ಮಕ್ಕಳು’. ಒಬ್ಬ ಒಡೆಯನ ನೆಲದಲ್ಲಿ ಬಾಳುತ್ತ, ಅವನ ಹೆಸರನ್ನೇ ತಮ್ಮದೆಂದುಕೊಂಡು, ಅವನು ಕರೆದಾಗ ಕತ್ತಿ ಹಿಡಿಯುವ ಜನ ಅವರು. ಕೊಡವರಲ್ಲಿ ಒಂದೇ ಮೂಲದ ಮನೆತನಕ್ಕೆ ‘ಒಕ್ಕ’ ಎನ್ನುವುದು ನೆನಪಾಗಿ, ಅದರ ಮಗ್ಗುಲಲ್ಲೇ ಇರುವ ನಮ್ಮ ‘ಒಕ್ಕಲು’ ಎಂಬ ಪದವನ್ನು ಆರಿಸಿಕೊಂಡೆ. ಕಥೆಯಲ್ಲಿ ಗಾಯಗೊಂಡು ಗುಡಿಸಲಲ್ಲಿ ಮಲಗಿರುವ ಕಾಲಿನ್ ಮೆಕ್‌ಲಾರೆನ್ ‘ಒಡೆಯ’ನಾದ, ಅವನ ಪೈಪ್ ವಾದಕ ಜೇಮಿ ಮೆಕ್‌ಕ್ರಿಮನ್ ‘ಮೆಕ್‌ಲಾರೆನ್ ಒಕ್ಕಲಿನ ಹುಡುಗ’ನಾದ.

ಮಾತಿನ ಬನಿಯ ವಿಷಯದಲ್ಲಿ ನಾನು ಮೊದಲು ತಪ್ಪು ಮಾಡಿದೆ. ಗುಡ್ಡಗಾಡಿನವರ ಬಾಯಲ್ಲಿ ಧಾರವಾಡದ ಕನ್ನಡ ಇಟ್ಟು ಓದಿ ನೋಡಿದಾಗ ಜೇಮಿ ಧಾರವಾಡದವನಾಗಿಬಿಟ್ಟನೇ ಹೊರತು ಸ್ಕಾಟ್ಲೆಂಡಿನವನಾಗಲಿಲ್ಲ. ಅದನ್ನು ಕೈಬಿಟ್ಟು, ಭಾಷೆಯ ಒಳಗೇ ಒಂದು ಗೆರೆ ಎಳೆದೆ. ಸೇನೆಯವರ, ವಕೀಲರ, ಹಡಗಿನವರ ಮಾತಿನಲ್ಲಿ ಹುಕುಂ, ಜಪ್ತಿ, ಕರಾರು, ರುಜು, ಜಾಮೀನು ಎಂಬ ಕಚೇರಿಯ ಪದಗಳನ್ನು ಧಾರಾಳವಾಗಿ ಬಿಟ್ಟೆ; ಗುಡ್ಡಗಾಡಿನವರ ಮಾತಿನಲ್ಲಿ ಅಂಥ ಒಂದು ಪದವೂ ಬರದಂತೆ, ಆಣೆ, ನೆಲ, ಬೀಡು, ಒಡಲು ಎಂಬಂಥವನ್ನೇ ಇಟ್ಟೆ. ಏಳು ವರ್ಷ ತೋಟದಲ್ಲಿ ದುಡಿಯುವ ಕರಾರಿಗೆ ರುಜು ಹಾಕಿ ಎಂದು ಗ್ರೇ ಹಡಗಿನ ಒಳಗೆ ಕೈದಿಗಳ ಮುಂದೆ ಕಾಗದ ಹಿಡಿಯುವ ದೃಶ್ಯದಲ್ಲಿ, ಆ ಪದಗಳು ಅವರಿಗೆ ಎಷ್ಟು ಪರಕೀಯವೆಂಬುದು ಅಮ್ಮನಿಗೆ ನಾನು ವಿವರಿಸದೆಯೇ ತಿಳಿಯಿತು.

ಆ ದೃಶ್ಯ ಬರಿಯ ಕಲ್ಪನೆಯಲ್ಲ ಎಂಬುದನ್ನು ನಿರೂಪಣೆಯ ಮೊದಲಿಗೇ ಸೇರಿಸಿದ್ದೆ. 1746ರ ಏಪ್ರಿಲ್ 16ರಂದು ಕಲೊಡನ್‌ನಲ್ಲಿ ಒಂದು ಗಂಟೆಯೊಳಗೆ ಮುಗಿದ ಕಾಳಗದ ನಂತರ, ಸೆರೆ ಸಿಕ್ಕ ಸಾಮಾನ್ಯರಲ್ಲಿ ಇಪ್ಪತ್ತು ಜನರಿಗೆ ಒಬ್ಬನಂತೆ ಚೀಟಿ ಎತ್ತಿ ವಿಚಾರಣೆಗೆ ನಿಲ್ಲಿಸಿ, ಉಳಿದವರಲ್ಲಿ ನೂರಾರು ಜನರನ್ನು ಅಮೆರಿಕದ ಮತ್ತು ವೆಸ್ಟ್ ಇಂಡೀಸಿನ ವಸಾಹತುಗಳಿಗೆ ದುಡಿಮೆಗಾಗಿ ಸಾಗಿಸಿದರು. 1747ರಲ್ಲಿ ಲಿವರ್‌ಪೂಲಿನಿಂದ ಸುಮಾರು 150 ಕೈದಿಗಳನ್ನು ಹೊತ್ತು ಹೊರಟ ‘ವೆಟರನ್’ ಎಂಬ ಹಡಗನ್ನು ಫ್ರೆಂಚರ ಹಡಗೊಂದು ಹಿಡಿದು, ಅವರನ್ನು ಮಾರ್ಟಿನಿಕ್ ದ್ವೀಪದಲ್ಲಿ ಬಿಡುಗಡೆ ಮಾಡಿತು. ಧಾರಾವಾಹಿಯ ಕೈದಿಗಳು ‘ಅನಬೆಲ್’ ಹಡಗನ್ನು ವಶಪಡಿಸಿಕೊಂಡು ಫ್ರಾನ್ಸಿಗೆ ಹೊರಡುವುದು ಅಷ್ಟೇನೂ ದೂರದ ಮಾತಲ್ಲ. ಆದರೆ ಈ ಕಥೆ ಸರ್ಕಾರದ ಕೆಂಪು ಕೋಟಿನ ಸೈನಿಕರನ್ನೆಲ್ಲ ಇಂಗ್ಲಿಷರೆಂದೂ ಎದುರಿನವರನ್ನೆಲ್ಲ ಸ್ಕಾಟರೆಂದೂ ತೋರಿಸುವುದು ನನಗೆ ಒಪ್ಪಿಗೆಯಲ್ಲ. ಸರ್ಕಾರದ ಕಡೆಯ ಸೇನಾಪತಿ ಕಂಬರ್ಲೆಂಡ್ ಡ್ಯೂಕನ ಸೇನೆಯಲ್ಲಿ ಸ್ಕಾಟರ ದಳಗಳೂ ಇದ್ದವು, ಒಂದೇ ಮನೆಯವರು ಎರಡು ಕಡೆ ನಿಂತದ್ದೂ ಉಂಟು. ಅದನ್ನೂ ಅಮ್ಮನಿಗೆ ಹೇಳಿದೆ.

ಬಂಡಾಯದ ನಾಯಕ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್‌ನನ್ನು ವಿರೋಧಿಗಳು ಕರೆಯುತ್ತಿದ್ದ ‘ಪ್ರಿಟೆಂಡರ್’ ಎಂಬ ಪದವನ್ನು ಇಂದಿನ ಅರ್ಥದಲ್ಲಿ ‘ಸೋಗುಗಾರ’ ಎಂದು ಬರೆದುಬಿಟ್ಟಿದ್ದೆ. ಅಂದಿನ ಬಳಕೆಯಲ್ಲಿ ಅದು ಸಿಂಹಾಸನದ ಮೇಲೆ ಹಕ್ಕು ಸಾಧಿಸುವವನು ಎಂಬ ಅರ್ಥದ್ದು. ಆತ 1688ರಲ್ಲಿ ಪಟ್ಟ ಕಳೆದುಕೊಂಡ ಜೇಮ್ಸ್ ದೊರೆಯ ನಿಜವಾದ ಮೊಮ್ಮಗ, ವೇಷಧಾರಿಯಲ್ಲ. ‘ಹಕ್ಕುದಾರ’ ಎಂದು ತಿದ್ದಿದೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಇಡೀ ಘಟನೆಯನ್ನೇ ಏನೆಂದು ಕರೆಯುವುದು ಎಂಬುದಾಗಿತ್ತು. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟು ಮಂಗಳೂರಿನವರೆಗೆ ಹೋದ ಜನರ ಹೋರಾಟವನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆದವರಿದ್ದರು, ಇಂದು ಅದನ್ನೇ ಅಮರ ಸುಳ್ಯ ಸ್ವಾತಂತ್ರ್ಯ ಸಂಗ್ರಾಮ ಎನ್ನುತ್ತೇವೆ. ಹೆಸರಿಟ್ಟ ಕೂಡಲೇ ನಾವು ಒಂದು ಕಡೆ ಸೇರಿಕೊಂಡಿರುತ್ತೇವೆ. ಹಾಗಾಗಿ ಸೈನಿಕರ ಬಾಯಲ್ಲಿ ‘ದಂಗೆ’ ಎಂದೂ, ಗುಡ್ಡಗಾಡಿನವರ ಬಾಯಲ್ಲಿ ‘ನಾವು ಎದ್ದದ್ದು’ ಎಂದೂ, ನನ್ನ ನಿರೂಪಣೆಯಲ್ಲಿ ‘ಬಂಡಾಯ’ ಎಂದೂ ಇಟ್ಟೆ. ಗೇಲಿಕ್ ಜನ ಆ ಬಂಡಾಯ ಶುರುವಾದ 1745ನ್ನು ‘ಚಾರ್ಲ್ಸ್‌ನ ವರ್ಷ’ ಎಂದು ಕರೆಯುತ್ತಾರೆಂಬುದನ್ನು ತಿಳಿದ ಮೇಲೆ, ಜೇಮಿಯ ಮಾತಿನಲ್ಲಿ ಒಂದು ಕಡೆ ಅದನ್ನೂ ಸೇರಿಸಿದೆ. ಮೂಲದಲ್ಲಿಲ್ಲದ್ದನ್ನು ಸೇರಿಸಿದ್ದು ಅದೊಂದೇ.

ನಾಲ್ಕು ಸಂಜೆ ದಿನಕ್ಕೊಂದು ಕಂತಿನಂತೆ ಓದಿ ಮುಗಿಸಿದೆ. ಕೊನೆಯಲ್ಲಿ ಜೇಮಿ ತನ್ನವರೊಡನೆ ಹಡಗು ಹತ್ತದೆ ಡಾಕ್ಟರ್‌ನ ಕಾಲಯಾನದ ಪೆಟ್ಟಿಗೆಯೊಳಗೆ ಕಾಲಿಡುತ್ತಾನೆ. ಮೊದಲು ಅವನು ಅಲ್ಲೇ ಉಳಿಯುವಂತೆ ಚಿತ್ರೀಕರಿಸಿ, ಪಾತ್ರವನ್ನು ಮುಂದುವರಿಸಲು ನಿರ್ಧರಿಸಿದ ಮೇಲೆ ಆ ದೃಶ್ಯವನ್ನು ಮತ್ತೆ ತೆಗೆದರಂತೆ ಎಂದೆ. ಅಮ್ಮನ ಮನಸ್ಸು ಮಾತ್ರ ಹಿಂದೆ ಉಳಿದವರ ಮೇಲಿತ್ತು: “ಅಲ್ಲಿದ್ದೋರು ಆಮೇಲೆ ಏನಾದ್ರು?” ಆಗ ಅವಳಿಗೆ ಲಾರ್ಡ್ ಮೆಕ್ಲಾಯ್ಡ್‌ನ ವಿಷಯ ಹೇಳಿದೆ. ತಂದೆಯೊಡನೆ ಬಂಡಾಯ ಸೇರಿ, ಕಲೊಡನ್ ಕಾಳಗದ ಹಿಂದಿನ ದಿನ ಸೆರೆಯಾಗಿ, ಎಳೆಯ ವಯಸ್ಸಿನವನೆಂದು ಕ್ಷಮೆ ಪಡೆದ ಆತ, 1777ರಲ್ಲಿ ಅದೇ ಸರ್ಕಾರಕ್ಕಾಗಿ ಗುಡ್ಡಗಾಡಿನ ಯುವಕರ ರೆಜಿಮೆಂಟ್ ಕಟ್ಟಿದ. ಹೈಲ್ಯಾಂಡ್ ಉಡುಪನ್ನು ಊರಿನಲ್ಲಿ 1782ರವರೆಗೆ ನಿಷೇಧಿಸಿದ್ದ ಕಾನೂನು ಸೈನಿಕರಿಗೆ ಅನ್ವಯಿಸುತ್ತಿರಲಿಲ್ಲ. ಆ ರೆಜಿಮೆಂಟ್ 1780ರಲ್ಲಿ ಮದರಾಸಿಗೆ ಬಂದಿತು. ಅದರ ಒಂದು ಭಾಗ ಪೊಳ್ಳಿಲೂರಿನಲ್ಲಿ ಹೈದರಾಲಿಯ ಮತ್ತು ಟಿಪ್ಪುವಿನ ಸೇನೆಗೆ ಸೋತು, ಬದುಕುಳಿದವರು ಶ್ರೀರಂಗಪಟ್ಟಣದಲ್ಲಿ ಸೆರೆಯಾದರು.

ಮೈಸೂರಿನಲ್ಲೇ ಬದುಕು ಕಳೆದ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮೂರನೆಯ ಕಂತಿನಲ್ಲಿ ನಾನು ಒಂದು ಕಡೆ, ನನ್ನ ನಿರೂಪಣೆಯಲ್ಲೇ, ‘ದಂಗೆಕೋರರು’ ಎಂದು ಓದಿದ್ದನ್ನು ನೆನಪಿಸಿದಳು. “ಅದನ್ನ ಹೇಳಿದ್ದು ಸೈನಿಕ ಅಲ್ಲ, ನೀನು” ಎಂದಳು. ಹಾಳೆ ತಿರುವಿ ನೋಡಿದೆ, ಅವಳ ಮಾತು ನಿಜವಾಗಿತ್ತು. ಆ ರಾತ್ರಿಯೇ ಆ ಸಾಲನ್ನು ತಿದ್ದಿ, ಮೂರನೆಯ ಕಂತಿನ ಆ ಭಾಗವನ್ನು ಮತ್ತೆ ಓದಿ ಧ್ವನಿಮುದ್ರಿಸಿದೆ.