ತೊಗರಿ ಕಾಳಿನಲ್ಲಿ ಮೋಲ್ ಪಾಠ

ಒಂಬತ್ತನೇ ಕ್ಲಾಸಿಗೆ ಪರಮಾಣು ಪಾಠ ಬಂತೆಂದರೆ ನನಗೆ ತಲೆನೋವು. ಅಣು ಯಾವುದು, ಪರಮಾಣು ಯಾವುದು ಅನ್ನುವಲ್ಲೇ ಅರ್ಧ ಮಕ್ಕಳು ಎಡವುತ್ತಾರೆ. ಅವರ ತಪ್ಪೂ ಅಲ್ಲ, ಪೇಪರಿನಲ್ಲಿ ಪರಮಾಣು ಬಾಂಬಿಗೂ ಅಣುಬಾಂಬ್ ಅಂತಲೇ ಬರುತ್ತದಲ್ಲ. ಅದನ್ನು ಹೇಗೋ ದಾಟಿದರೂ ಮೋಲ್ (ಡಜನ್ ಇದ್ದಂತೆ, ಪರಮಾಣು ಎಣಿಸುವ ಒಂದು ದೊಡ್ಡ ಲೆಕ್ಕ) ಹತ್ತಿರ ಬಂಡಿ ನಿಂತೇಬಿಡುತ್ತಿತ್ತು.

ಮೊದಲು ಪರಮಾಣು ಅಂತ ತೋರಿಸಲು ಥರ್ಮಾಕೋಲ್ ಗುಂಡು ತಂದೆ. ಬಣ್ಣ ಸೇರಿ ಸುಮಾರು 900 ರೂಪಾಯಿ, ನನ್ನದೇ ಜೇಬಿನಿಂದ. ಸ್ಪ್ರೇ ಪೇಂಟ್ ಹೊಡೆದದ್ದೇ ತಡ, ಗುಂಡು ಕರಗಿ ಮುದ್ದೆಯಾದವು. ಆಕ್ಸಿಜನ್ ಎಲ್ಲಾ ಹೋಯಿತು. ಹೈಡ್ರೋಜನ್‌ಗೆ ಬಿಳಿಯೇ ಸಾಕು ಅಂತ ಬಿಟ್ಟಿದ್ದೆ, ಅದಷ್ಟೇ ಉಳಿಯಿತು.

ಆಮೇಲೆ ಹೊಳೆದದ್ದು ಕಾಳು: ಎಣಿಸಿ ತೂಗುವುದು, ಆಮೇಲೆ ತೂಕ ನೋಡಿಯೇ ಎಣಿಕೆ ಹೇಳಿಸುವುದು. ಕಲಬುರಗಿಯಲ್ಲಿ ತೊಗರಿಗೆ ಬರವೇ? ಸ್ಟಾಫ್ ರೂಮಿನಲ್ಲಿ ಹೇಳಿದರೆ ಗಣಿತದ ಸರ್ ನಕ್ಕರು. "ಸರ, ಇದು ಸಾಲಿನೋ ದಾಲ್‌ಮಿಲ್ಲೋ?"

ಮೊದಲ ವರ್ಷ ಅವರೇ ಗೆದ್ದರು. ನಾನು ಜೋಳದಿಂದ ಶುರು ಮಾಡಿದ್ದೆ. 100 ಜೋಳ ಅಂದರೆ 3 ಗ್ರಾಂ ಚಿಲ್ಲರೆ. ಅಡುಗೆಮನೆಯ ಕಾಟಾ ಒಮ್ಮೆ 3 ತೋರಿಸಿತು, ಒಮ್ಮೆ 4. ತೊಗರಿಗೆ ಬದಲಿಸಿದೆ. ಅದು ಹಳೇ ಚೀಲದ ಕಾಳು, ಒಳಗೆ ಹುಳು ತಿಂದು ಟೊಳ್ಳು. ಒಂದೊಂದು ಗುಂಪಿಗೆ ಒಂದೊಂದು ಲೆಕ್ಕ ಬಂತು.

ಮರುವರ್ಷ 600 ರೂಪಾಯಿ ಕೊಟ್ಟು ಬಂಗಾರ ತೂಗುವಂಥ ಸಣ್ಣ ಕಾಟಾ ತಂದೆ. ಹೊಸ ತೊಗರಿ, ದೇಶಿ ಕಡಲೆ. 100 ತೊಗರಿ 11 ಗ್ರಾಂ ಆಸುಪಾಸು, 100 ಕಡಲೆ 22. 50 ಎಣಿಸಲಿ, 200 ಎಣಿಸಲಿ, ಕಡಲೆ ಎರಡರಷ್ಟೇ. ಎಲ್ಲಾ ಗುಂಪಿನಲ್ಲೂ ಇಷ್ಟು ಸರಿಯಾಗಿ ಬರಬೇಕಾದರೆ ಕಾಳು ಆರಿಸುವುದರಲ್ಲಿ ಒಂದು ಕೈಚಳಕ ಇದೆ. ಅದು ನನ್ನ ಹತ್ತಿರವೇ ಇರಲಿ. ಮಳೆಗಾಲದಲ್ಲಿ ಮಾತ್ರ ಮಾಡಬೇಡಿ, ಕಾಳು ತೇವ ಎಳೆದು ತೂಕ ಜಾಸ್ತಿಯಾಗುತ್ತದೆ.

ಆಮೇಲೆ ಬಾಯಿ ಕಟ್ಟಿದ ಎರಡು ಸಣ್ಣ ಚೀಲ ಕೊಟ್ಟೆ. ಒಂದರಲ್ಲಿ 33 ಗ್ರಾಂ ತೊಗರಿ, ಇನ್ನೊಂದರಲ್ಲಿ 66 ಗ್ರಾಂ ಕಡಲೆ. ಬಿಚ್ಚದೆ ಹೇಳಿ, ಯಾವುದರಲ್ಲಿ ಕಾಳು ಜಾಸ್ತಿ? ಎರಡು ನಿಮಿಷ ಗಲಾಟೆ, ಕೊನೆಗೆ "ಎರಡೂ ಅಷ್ಟೇ" ಅಂದರು. ಕೂಡಲೇ ಟೇಬಲ್ ಮೇಲೆ 1.2 ಗ್ರಾಂ ಇದ್ದಿಲು, 2.4 ಗ್ರಾಂ ಮೆಗ್ನೀಸಿಯಂ ರಿಬ್ಬನ್ ಇಟ್ಟೆ. (ಇದ್ದಿಲು ಪೂರಾ ಇಂಗಾಲವಲ್ಲ, ಗೊತ್ತು. ಪೂರಾ ಒಂದು ಮೋಲ್ ಆಗುವ 24 ಗ್ರಾಂ ರಿಬ್ಬನ್‌ಗೆ ದುಡ್ಡೂ ಇರಲಿಲ್ಲ.) ಪರಮಾಣು ತೂಕ ಇಂಗಾಲ 12, ಮೆಗ್ನೀಸಿಯಂ 24 ಅಂತ ಬೋರ್ಡಿನ ಮೇಲೆ ಬರೆದೆ ಅಷ್ಟೇ. ಹಿಂದಿನ ಬೆಂಚಿನ ಹುಡುಗಿ, "ಪರಮಾಣು ಎರಡರಾಗೂ ಅಷ್ಟೇ ಅದಾವಲ್ರೀ ಸರ" ಅಂದಳು. ಒಂದು ಮೋಲ್‌ನಲ್ಲಿ, ಅಂದರೆ 12 ಗ್ರಾಂ ಇಂಗಾಲದಲ್ಲಿ, ಇರುವ ಪರಮಾಣುಗಳ ಎಣಿಕೆ 6.022 × 10²³ ಅಂತ ಬರೆದದ್ದು ಅದಾದ ಮೇಲೆ.

ಕೈ ಸುಮ್ನಿರಲಿಲ್ಲ. ದೇಶಿ ಕಡಲೆ ಮೂರು ಪಾಲು, ಕಾಬೂಲಿ ಕಡಲೆ ಒಂದು ಪಾಲು ಎಣಿಸಿ ಬೆರೆಸಿದೆ. ಸರಾಸರಿ ತೂಕ ತೆಗೆಸಿ, ಅಷ್ಟೇ ತೂಗುವ ಒಂದು ಕಾಳು ಹುಡುಕಿ ತನ್ನಿ ಅಂದೆ. ಅರ್ಧ ಗಂಟೆ ಹುಡುಕಿದರೂ ಸಿಗಲಿಲ್ಲ. ಕ್ಲೋರಿನ್‌ನ ಪರಮಾಣು ತೂಕ 35.5 ಕೂಡ ಹಾಗೇ, ಬರೀ ಸರಾಸರಿ. 35ರದ್ದು ಇದೆ, 37ರದ್ದು ಇದೆ, 35.5 ತೂಗುವ ಪರಮಾಣು ಒಂದೂ ಇಲ್ಲ. ಇದನ್ನು ಬಿ.ಎಸ್ಸಿ.ಯಲ್ಲಿ ನನಗೆ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಗಣಿತದ ಸರ್ ಸರಾಸರಿ ಪಾಠಕ್ಕೆ ಅಂತ ಕಾಟಾ ಒಯ್ದಿದ್ದಾರೆ. ತಿಂಗಳಾಯಿತು, ಇನ್ನೂ ವಾಪಸ್ ಬಂದಿಲ್ಲ.