ಅವ್ವಂದಿರ ಬದುಕನ್ನು ಎತ್ತಿಡುವ ಬಗೆ

ಉಪ್ಪಿನಕಾಯಿ ಕೆಡದಂತೆ ಎತ್ತಿಡುವುದು ಹೇಗೆ, ಅವರೆಬೇಳೆಗೆ ಹುಳ ಬೀಳದಂತೆ ಏನು ಮಾಡಬೇಕು ಅಂತ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಲೇ ಇರುತ್ತಾರೆ. ಹೇಳೋಣ, ಅದಕ್ಕೇನು. ಆದರೆ ಮನೆಯಲ್ಲಿ ಎಂಬತ್ತು ದಾಟಿದ ಅವ್ವ, ಅಜ್ಜಿ, ಅತ್ತೆ, ದೊಡ್ಡಮ್ಮ ಯಾರಾದರೂ ಇದ್ದರೆ ಮೊದಲು ಅವರ ನೆನಪನ್ನು ಎತ್ತಿಡಿ. ಮಾವಿನಕಾಯಿ ಮುಂದಿನ ವರ್ಷವೂ ಬಿಡುತ್ತದೆ.

ನಮ್ಮ ಪಾಂಡವಪುರದಂಥ ಊರಿನಲ್ಲಿ ಗಂಡಸರ ಬದುಕು ಹೇಗೋ ಕಾಗದದಲ್ಲಿ ಉಳಿದುಕೊಳ್ಳುತ್ತದೆ. ಪಹಣಿಯಲ್ಲಿ ಹೆಸರಿರುತ್ತದೆ, ಸೊಸೈಟಿ ಲೆಕ್ಕದಲ್ಲಿ ಇರುತ್ತದೆ, ಕಾರ್ಖಾನೆಗೆ ಕಬ್ಬು ಹೊಡೆದ ಚೀಟಿಯಾದರೂ ಟ್ರಂಕಿನಲ್ಲಿ ಸಿಗುತ್ತದೆ. ಹೆಂಗಸರದ್ದು ಅಂದರೆ ರೇಷನ್ ಕಾರ್ಡು, ವೋಟರ್ ಪಟ್ಟಿ, ಅಷ್ಟೇ. ಅದರಲ್ಲೂ ಉದ್ಯೋಗ ಅನ್ನುವ ಕಡೆ ‘ಗೃಹಿಣಿ’ ಅಂತ ಬರೆದು ಮುಗಿಸಿರುತ್ತಾರೆ. ಆ ಗೃಹಿಣಿ ಬಗ್ಗಿ ನಾಟಿ ಹಾಕಿದ್ದು, ಎಮ್ಮೆ ಸಾಕಿ ಬೆಣ್ಣೆ ಮಾರಿದ್ದು, ಬೆರಣಿ ತಟ್ಟಿದ ದುಡ್ಡಿನಲ್ಲಿ ಮಗನ ಪರೀಕ್ಷೆ ಫೀಸು ಕಟ್ಟಿದ್ದು ಯಾವ ಇಲಾಖೆಯ ಪುಸ್ತಕದಲ್ಲೂ ಇಲ್ಲ. ಅದೆಲ್ಲ ಇರುವುದು ಅವಳ ತಲೆಯಲ್ಲಿ ಮಾತ್ರ.

ಮೊಬೈಲನ್ನು ಮುಖದ ಮುಂದೆ ಹಿಡಿದು “ಅಜ್ಜಿ, ನಿಮ್ಮ ಜೀವನದ ಬಗ್ಗೆ ಹೇಳಿ” ಅಂದರೆ ಏನೂ ಹುಟ್ಟುವುದಿಲ್ಲ. “ನಂದೇನೈತೆ ಮಗಾ ಹೇಳೋಕೆ, ದುಡ್ದೆ, ಉಂಡೆ, ಮಕ್ಳು ಸಾಕ್ದೆ” ಅಂದುಬಿಡುತ್ತಾರೆ. ಕೈಗೆ ಕೆಲಸ ಕೊಟ್ಟು ಕೂರಿಸಿ. ಸೊಗಡವರೆ ಕಾಲ ಬಂತು ಅಂದರೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ನೆನೆಹಾಕಿದ ಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಾ ಕೂತರೆ ಬೆರಳು ತಾನಾಗಿ ಓಡುತ್ತದೆ, ಕಣ್ಣು ಯಾರ ಮುಖವನ್ನೂ ನೋಡಬೇಕಾಗಿಲ್ಲ, ಬಾಯಿ ಬಿಡುವಾಗುತ್ತದೆ. ಹುಣಸೆಹಣ್ಣು ಬಿಡಿಸುವುದು, ಸೊಪ್ಪು ಸೋಸುವುದು, ಹೂ ಕಟ್ಟುವುದು ಕೂಡ ಆಗುತ್ತದೆ. ನೀವೂ ಒಂದು ಹಿಡಿ ಎತ್ತಿಕೊಂಡು ಹಿತುಕಿ, ಸುಮ್ಮನೆ ಎದುರಿಗೆ ಕೂರಬೇಡಿ.

ಧ್ವನಿ ಮುದ್ರಿಸಿಕೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ಕದ್ದು ಮಾಡಬಾರದು. ಹೇಳಿದ ಮೇಲೆ ಮೊಬೈಲನ್ನು ಮೊರದ ಪಕ್ಕ ಬಟ್ಟೆಯ ಮೇಲೆ ಇಡಿ, ಬರೀ ನೆಲದ ಮೇಲಿಟ್ಟರೆ ಕಾಳು ಬಿದ್ದ ಸದ್ದೆಲ್ಲ ಅದರಲ್ಲೇ ತುಂಬುತ್ತದೆ. ಫ್ಯಾನು, ಟೀವಿ ಆರಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಒಳ್ಳೆಯ ಘಟ್ಟದಲ್ಲೇ ಲೋನ್ ಬೇಕಾ ಅಂತ ಯಾರೋ ಫೋನ್ ಮಾಡುತ್ತಾರೆ. ಒಂದು ಗಂಟೆ ಸಾಕು, ವಯಸ್ಸಾದವರಿಗೆ ಗಂಟಲು ಒಣಗುತ್ತದೆ. ಮುಗಿದ ಕೂಡಲೇ ಫೈಲಿಗೆ ಅವರ ಹೆಸರು, ತಾರೀಖು ಹಾಕಿ ಇನ್ನೊಬ್ಬರ ಫೋನಿಗೂ ಕಳಿಸಿಡಿ. ಹೆಸರಿಲ್ಲದ ಫೈಲು ಹೆಸರು ಬರೆಯದ ಖಾರದಪುಡಿ ಡಬ್ಬಿ ಇದ್ದಂತೆ, ಸಾರಿನ ಪುಡಿಯೋ ಹುಳಿ ಪುಡಿಯೋ ತೆಗೆದು ಮೂಸುವವರೆಗೂ ಗೊತ್ತಾಗುವುದಿಲ್ಲ.

ಕೇಳುವುದನ್ನು ದೊಡ್ಡದಾಗಿ ಕೇಳಬೇಡಿ. ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರುತ್ತಿದ್ದಿರಿ? ಎಷ್ಟು ಬಿಂದಿಗೆ? ಯಾರ ಜೊತೆ ಹೋಗುತ್ತಿದ್ದಿರಿ? ಈ ಮೂರನೇ ಪ್ರಶ್ನೆಯಲ್ಲೇ ಇಡೀ ಬೀದಿ ಎದ್ದು ಬರುತ್ತದೆ. ಮೊದಲ ಹೆರಿಗೆ ಎಲ್ಲಾಯಿತು, ಸೂಲಗಿತ್ತಿ ಯಾರು, ಬಾಣಂತನದಲ್ಲಿ ಏನು ಕೊಟ್ಟರು ಅಂತ ಕೇಳಿ. ಕೈಗೆ ಬಂದ ಮೊದಲ ದುಡ್ಡು ಯಾವುದರಿಂದ, ಅದನ್ನು ಎಲ್ಲಿ ಬಚ್ಚಿಟ್ಟಿದ್ದಿರಿ ಅಂತಲೂ ಕೇಳಿ. ಸಾಸಿವೆ ಡಬ್ಬಿಯ ಅಡಿಯೋ, ಅಕ್ಕಿ ಮೂಟೆಯೋ, ಹೇಳುವಾಗ ಈಗಲೂ ಒಂದು ನಗು ಬರುತ್ತದೆ.

ರೇಷ್ಮೆ ಸಾಕಿದ ಮನೆಯಾದರೆ ಹುಳದ ವಿಚಾರ ಎತ್ತಿ. ನಮ್ಮ ಕಡೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅಂತಲೇ ಹೆಸರು, ಒಟ್ಟು ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಯವರೆಲ್ಲ ಮಲಗಿದ ಮೇಲೂ ಹೆಂಗಸರು ಎದ್ದು ಸೊಪ್ಪು ಹಾಕಬೇಕು. ಹಣ್ಣಾದ ಹುಳವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುವ ಕಣ್ಣು ಅವರದ್ದು. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹೊತ್ತು ದುಡ್ಡು ಎಣಿಸಿಕೊಂಡು ಬರುತ್ತಿದ್ದದ್ದು ಮಾತ್ರ ಗಂಡಸರು. ಹೀಗಾಗಿ ಬರೆದುಕೊಳ್ಳುವಾಗ ದಯವಿಟ್ಟು ‘ಗೃಹಿಣಿ’ ಅಂತ ಹಾಕಬೇಡಿ. ಏನೇನು ಕೆಲಸ ಮಾಡಿದರೋ ಆ ಕೆಲಸದ ಹೆಸರನ್ನೇ ಬರೆಯಿರಿ.

ಇನ್ನು ವಯಸ್ಸು. ಆಧಾರ್ ಕಾರ್ಡಿನಲ್ಲಿರುವ ತಾರೀಖನ್ನು ನಂಬಬೇಡಿ. ಸ್ಕೂಲಿಗೆ ಹೋದವರಿಗೆ ಮೇಷ್ಟ್ರು ಅಂದಾಜಿನಲ್ಲಿ ಹಾಕಿದ್ದಿರುತ್ತದೆ, ಹೋಗದವರಿಗೆ ಕಾರ್ಡು ಮಾಡುವವನು ಮುಖ ನೋಡಿ ಬರೆದಿದ್ದಿರುತ್ತದೆ. ಕೆಲವು ಮನೆಗಳಲ್ಲಿ ಸಂವತ್ಸರದ ಹೆಸರು, ಮಾಸ ನೆನಪಿರುತ್ತದೆ, ಇಲ್ಲವೇ ಹಳೆಯ ಜಾತಕದಲ್ಲಿ ಸಿಗುತ್ತದೆ. ಅದು ಸಿಕ್ಕರೆ ಲೆಕ್ಕ ಸುಲಭ. ಅರವತ್ತು ಸಂವತ್ಸರದ ಚಕ್ರದಲ್ಲಿ ಮೊದಲನೆಯದಾದ ಪ್ರಭವ 1927ರ ಯುಗಾದಿಗೆ ಶುರುವಾಯಿತು, ಮತ್ತೆ 1987ರಲ್ಲಿ ಬಂತು. ಪಂಚಾಂಗದಲ್ಲಿ ಹೆಸರುಗಳ ಪಟ್ಟಿ ಇರುತ್ತದೆ, ಎಣಿಸಿಕೊಂಡು ಹೋದರಾಯಿತು. ಪ್ರಮಾಥಿ ಹದಿಮೂರನೆಯದು, ಅಂದರೆ 1939ರ ಯುಗಾದಿಯಿಂದ 1940ರ ಯುಗಾದಿಯವರೆಗೆ. ಎಡವುವುದು ಇಲ್ಲೇ. ಪ್ರಮಾಥಿ ಸಂವತ್ಸರದ ಪುಷ್ಯ ಮಾಸದಲ್ಲಿ ಹುಟ್ಟಿದೆ ಅಂತ ಅಜ್ಜಿ ಅಂದರೆ ಅದು 1939 ಅಲ್ಲ. ಪುಷ್ಯ ಬರುವುದು ಸಂಕ್ರಾಂತಿ ಆಸುಪಾಸಿಗಾದ್ದರಿಂದ 1940ರ ಜನವರಿ, ಫೆಬ್ರವರಿ.

ಸಂವತ್ಸರ ಗೊತ್ತಿಲ್ಲದವರೇ ಜಾಸ್ತಿ. ಅವರಿಗೆ ಊರಿನ ಸಂಗತಿಗಳೇ ಕ್ಯಾಲೆಂಡರು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3. ಗಾಂಧೀಜಿ ಹೋದದ್ದು 1948ರ ಜನವರಿ 30, ಆಮೇಲೆ ಅವರ ಚಿತಾಭಸ್ಮವನ್ನು ಶ್ರೀರಂಗಪಟ್ಟಣದಲ್ಲೂ ಕಾವೇರಿಗೆ ಬಿಟ್ಟರು. ಆಣೆ ಹೋಗಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರ ನವೆಂಬರ್ 1. ಊರೆಲ್ಲ ಬಾಗಿಲು ಹಾಕಿಕೊಂಡು ಕೂತ ಸೂರ್ಯಗ್ರಹಣ 1980ರ ಫೆಬ್ರವರಿ 16. “ಆಗ ನಿಮಗೆ ಮದುವೆಯಾಗಿತ್ತಾ? ಕಂಕುಳಲ್ಲಿ ಕೂಸಿತ್ತಾ? ಯಾವ ಕೂಸು?” ಅಂತ ಕೇಳುತ್ತಾ ಹೋದರೆ ಒಂದೆರಡು ವರ್ಷ ಆಚೀಚೆಗೆ ವಯಸ್ಸು ಸಿಕ್ಕೇ ಸಿಗುತ್ತದೆ. ಹುಟ್ಟಿದ ಮಕ್ಕಳನ್ನೆಲ್ಲ ವರಸೆಯಾಗಿ ಕೇಳಿ, ಉಳಿಯದೆ ಹೋದವನ್ನೂ ಸೇರಿಸಿ. ಅವರು ಆ ಲೆಕ್ಕ ಮರೆತಿರುವುದಿಲ್ಲ.

ಅಲ್ಲಿಗೆ ಬಂದಾಗ ಮಾತು ನಿಂತರೆ ನೀವೂ ಸುಮ್ಮನಾಗಿ. “ಇದ್ನೆಲ್ಲ ಹಾಕ್ಬ್ಯಾಡ ಕಣವ್ವ” ಅಂದರೆ ಮೊಬೈಲ್ ಆರಿಸಿ. ಅತ್ತೆಮನೆಯಲ್ಲಿ ಪಟ್ಟ ಪಾಡು, ಗಂಡನ ಕುಡಿತ, ಯಾರದೋ ಮನೆಯ ಹೆಣ್ಣಿನ ವಿಚಾರ ಹೀಗೆ ಎಷ್ಟೋ ಇರುತ್ತವೆ. ಅವನ್ನು ಕುಟುಂಬದ ಗ್ರೂಪಿಗೆ ಹಾಕಿ ನೂರು ಜನರ ಬಾಯಿಗೆ ಕೊಡುವುದು ನನಗೆ ಕೊಂಚವೂ ಹಿಡಿಸದು. ಅವರು ಬೇಡ ಅಂದದ್ದು ಬೇಡ.

ಹಳೆಯ ಕಾಗದ ಹುಡುಕುವವರಿಗೆ ಒಂದು ಮಾತು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ, ಅದಕ್ಕೆ ಮೊದಲು ನಾವೆಲ್ಲ ಮೈಸೂರು ಜಿಲ್ಲೆಗೆ ಸೇರಿದವರು. ನಮ್ಮೂರನ್ನು ಹಿರಿಯರು ಹಿರೋಡೆ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಕರೆದದ್ದು ಫ್ರೆಂಚ್ ರಾಕ್ಸ್. ಹಳೆಯ ಪತ್ರದಲ್ಲಿ ಪಾಂಡವಪುರ ಕಾಣಲಿಲ್ಲ ಅಂತ ಬದಿಗಿಡಬೇಡಿ, ಈ ಎರಡು ಹೆಸರನ್ನೂ ಹುಡುಕಿ.

ಫೋಟೋ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಗಾಜಿಗೆ ಅಂಟಿಕೊಂಡ ಫೋಟೋವನ್ನು ಕೀಳಲು ಹೋಗಬೇಡಿ, ಮುಖವೇ ಗಾಜಿಗೆ ಹತ್ತಿಕೊಂಡು ಬರುತ್ತದೆ. ಗಾಜಿನ ಮೇಲಿಂದಲೇ ನೆರಳು ಬೀಳದ ಹಾಗೆ ಇನ್ನೊಂದು ಫೋಟೋ ತೆಗೆದುಕೊಳ್ಳಿ. ಅಂಟುಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್ಮಿನಲ್ಲಿರುವುದನ್ನು ಬಿಡಿಸಿ ಕಾಗದದ ಲಕೋಟೆಗೆ ಹಾಕಿ. ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್, ಬಾಲ್ ಪೆನ್ನು ಮುಂದಕ್ಕೆ ಅಚ್ಚೊತ್ತುತ್ತದೆ. ಬರೀ ‘ಅಜ್ಜಿ’ ಅಂತ ಬರೆದರೆ ಇನ್ನೊಂದು ತಲೆಮಾರಿಗೆ ಯಾರ ಅಜ್ಜಿ ಅಂತ ತಿಳಿಯುವುದಿಲ್ಲ. ಲಕ್ಷ್ಮಮ್ಮ, ಪುಟ್ಟಮ್ಮ, ನಿಂಗಮ್ಮ ಬೀದಿಗೆ ನಾಲ್ಕು ಜನ ಇದ್ದಾರೆ. ಹುಟ್ಟಿದ ಊರು, ತಂದೆ ಹೆಸರು, ತಾಯಿ ಹೆಸರು, ತವರಿನಲ್ಲಿ ಕರೆಯುತ್ತಿದ್ದ ಹೆಸರು ಎಲ್ಲವನ್ನೂ ಬರೆಯಿರಿ. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ಹಳೆಯದನ್ನು ಕೇಳಿ ಬರೆಯಲೇಬೇಕು.

ಧಾರೆ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ರೇಷ್ಮೆಗೆ ಗಾಳಿ ಬೇಕು. ತೊಳೆದು ಒಣಗಿಸಿದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ, ಆಗಾಗ ತೆಗೆದು ನೆರಳಲ್ಲಿ ಹರವಿ, ಮಡಿಕೆಯನ್ನು ಬದಲಾಯಿಸಿ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಜರಿ ಅಲ್ಲೇ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಕಬಾರದು. ಲವಂಗ, ಒಣಗಿಸಿದ ಬೇವಿನೆಲೆ, ಬಜೆ ಇವನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಮೂಲೆಯಲ್ಲಿಡಿ. ಜೊತೆಗೆ ಒಂದು ಚೀಟಿ, ಯಾರ ಮದುವೆ, ಯಾರು ತಂದದ್ದು, ಎಷ್ಟು ಕೊಟ್ಟದ್ದು ಅಂತ. ಬೆಲೆ ನೆನಪಿರದ ಹೆಂಗಸನ್ನು ನಾನಂತೂ ಕಂಡಿಲ್ಲ.

ಅಡುಗೆಗೆ ಬಂದರೆ ಅಳತೆ ಕೇಳಿ ಪ್ರಯೋಜನವಿಲ್ಲ. “ಒಸಿ ಹಾಕು” ಅನ್ನುತ್ತಾರೆ. ಆ ಒಸಿ ಎಷ್ಟು ಅಂತ ಅವರ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ನಾನು ಮಾಡುವ ಉಪಾಯ ಹೀಗೆ. ಉಪ್ಸಾರಿನ ಖಾರ ಅರೆಯುವ ದಿನ ಜೀರಿಗೆ, ಮೆಣಸು, ಉಪ್ಪು, ಹುಣಸೆಹಣ್ಣು ಎಲ್ಲವನ್ನೂ ಡಬ್ಬಿ ಸಮೇತ ಅಡುಗೆಮನೆ ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳಿ. ಆಮೇಲೆ ಅವರ ಕೈಗೆ ಬಿಟ್ಟು ಪಕ್ಕಕ್ಕೆ ನಿಲ್ಲಿ. ಖಾರ ಅರೆದು ಮುಗಿದ ಮೇಲೆ ಅದೇ ಡಬ್ಬಿಗಳನ್ನು ಮತ್ತೆ ತೂಗಿ, ಕಡಿಮೆಯಾದದ್ದೇ ಅಳತೆ. ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಎಣಿಸಿಟ್ಟು ಕೊಡಿ, ಉಳಿದದ್ದು ಎಣಿಸಿ. ಮೆಣಸಿನಕಾಯಿಯನ್ನು ಕೆಂಡದ ಮೇಲೆ ಸುಟ್ಟರೋ ಬಾಂಡ್ಲಿಯಲ್ಲಿ ಹುರಿದರೋ, ಯಾವ ಬಣ್ಣಕ್ಕೆ ತೆಗೆದರೋ ನೋಡಿಕೊಳ್ಳಿ, ರುಚಿ ಇರುವುದು ಅಲ್ಲೇ. ಹಳೆಯ ಸೇರು, ಪಾವು ಮನೆಯಲ್ಲಿದ್ದರೆ ಅಂಗಡಿಯ ಲೆಕ್ಕಕ್ಕೆ ಹೋಗದೆ ಅದೇ ಪಾವಿಗೆ ಅಕ್ಕಿ ತುಂಬಿ ತೂಗಿ. ಒಬ್ಬರ ಮನೆ ಪಾವು ತಲೆ ತುಂಬ, ಇನ್ನೊಬ್ಬರದ್ದು ತಲೆ ತಟ್ಟಿ.

ಪದ ಹೇಳಿಸುವುದಕ್ಕೂ ಇದೇ ದಾರಿ. ಸೋಬಾನೆ ಹೇಳಿ ಅಂದರೆ ನಾಚುತ್ತಾರೆ, ಮರೆತುಹೋಯಿತು ಅನ್ನುತ್ತಾರೆ. ಓರಗೆಯವಳೊಬ್ಬಳನ್ನು ಪಕ್ಕದ ಮನೆಯಿಂದ ಕರೆದು ತನ್ನಿ, ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ಹಿಡಿಯುತ್ತಾಳೆ. ಬೀಸೋ ಪದಕ್ಕೆ ರಾಗಿಕಲ್ಲಿನ ಗೂಟಕ್ಕೆ ಕೈ ಹಾಕಿಸಿ. ಪದ ತಪ್ಪಾಯಿತು ಅಂತ ತಿದ್ದಬೇಡಿ, ಅವರು ಹೇಳಿದ ಹಾಗೇ ಇರಲಿ.

ಕೊನೆಗೆ ಒಂದು ವಸ್ತು, ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮದುವೆಯ ಮುಯ್ಯಿ ಪುಸ್ತಕ, ಅಂದರೆ ಬಂದವರು ಉಡುಗೊರೆಯಾಗಿ ಕೊಟ್ಟ ದುಡ್ಡಿನ ಲೆಕ್ಕ. ಹಳೆಯ ಟ್ರಂಕಿನ ತಳದಲ್ಲಿ, ಅರಿಶಿನದ ಕಲೆ ಹತ್ತಿಕೊಂಡು, ಉದ್ದನೆಯ ನೋಟ್‌ಬುಕ್ಕು ಇರುತ್ತದೆ. ರದ್ದಿಗೆ ಹಾಕಬೇಡಿ. ಊರು, ಹೆಸರು, ಮೊತ್ತ ಅಂತ ಸಾಲಾಗಿ ಬರೆದಿರುತ್ತಾರೆ. ರೂಪಾಯಿ ಆಣೆಯಲ್ಲಿದ್ದರೆ 1957ಕ್ಕೆ ಮುಂಚಿನದೋ ಅದರ ಆಸುಪಾಸಿನದೋ ಅಂತ ತಿಳಿಯಿರಿ. ಹದಿನಾರು ಆಣೆಗೆ ಒಂದು ರೂಪಾಯಿ, 1 ರೂಪಾಯಿ 4 ಆಣೆ ಅಂದರೆ ಈಗಿನ ಒಂದೂಕಾಲು. ಅದರಲ್ಲಿರುವುದು ಹೆಚ್ಚುಕಡಿಮೆ ಎಲ್ಲ ಗಂಡಸರ ಹೆಸರೇ. ಅಜ್ಜಿಗೆ ಕಣ್ಣು ಕಾಣದಿದ್ದರೆ ನೀವೇ ಒಂದೊಂದಾಗಿ ಓದಿ, ಓದಿ ನಿಲ್ಲಿಸಿ.

ನಮ್ಮ ಬೀದಿಯ ಅಜ್ಜಿಯೊಬ್ಬರ ಮುಂದೆ ಹಾಗೆ ಓದುತ್ತಿದ್ದಾಗ ಒಂದು ಹೆಸರಿಗೆ ಎರಡು ರೂಪಾಯಿ ಅಂತ ಇತ್ತು. “ಅವನೆಲ್ಲವ್ವ ಕೊಟ್ಟಾನು, ಬೀಡಿಗೂ ಕಾಸಿಲ್ದೋನು! ಅವನೆಂಡ್ತಿ ಕೋಳಿ ಮಾರಿ ಮುಯ್ಯಿ ಹಾಕಿದ್ದು. ನಾವಿಬ್ರೂ ಒಂದೇ ಬಾವೀಲಿ ನೀರು ಸೇದ್ತಿದ್ವಿ” ಅಂತ ಶುರುಮಾಡಿದವರು ಆ ಹೆಂಗಸಿನ ತವರು, ಅವಳ ನಾಟಿಕೋಳಿ, ಅವಳು ಹೇಳುತ್ತಿದ್ದ ಗಾದೆ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಒಲೆಯ ಮೇಲಿನ ಎಸರು ಬತ್ತಿತ್ತು. ನೀವೂ ಪೆನ್ಸಿಲ್ ಹಿಡಿದು ಕೂತು ಗಂಡಸಿನ ಹೆಸರಿನ ಪಕ್ಕ ಹೆಂಗಸಿನ ಹೆಸರನ್ನು ಸಣ್ಣಗೆ ಬರೆದುಕೊಳ್ಳುತ್ತಾ ಹೋಗಿ. ದಿನಕ್ಕೊಂದು ಪುಟ ಆದರೂ ಸಾಕು. ಪುಟ ಪೂರಾ ತುಂಬಿದರೆ ಹಿಂದಿನ ಖಾಲಿ ಹಾಳೆಗಳು ಇದ್ದೇ ಇರುತ್ತವೆ, ಮುಯ್ಯಿ ಪುಸ್ತಕ ಪೂರ್ತಿ ಬರೆದು ಮುಗಿದದ್ದು ನಾನು ಯಾವ ಮದುವೆಯಲ್ಲೂ ಕಂಡಿಲ್ಲ.